ಕೊನೇ ಪಂಕ್ತಿಯ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮದುವೆಯ ಅಡುಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವಾಗಿ ಬಹಳ ಕಾಲವೇನೂ ಆಗಿಲ್ಲ. ಮೊದಲೆಲ್ಲ ಮದುವೆ ಇನ್ನೊಂದು ವಾರವಿದೆ ಎನ್ನುವಾಗ ಜೋಳದ ಹಿಟ್ಟನ್ನು ಓಣಿಯ ಮನೆಮನೆಗೆ ಹಂಚುತ್ತಿದ್ದರು. ಹೆಣ್ಣುಮಕ್ಕಳು ತಂತಮ್ಮ ಒಲೆಯ ಮೇಲೆ ರೊಟ್ಟಿ ಬಡಿದು, ಕಡಕ್ ಆಗುವಂತೆ ಒಣಗಿಸಿ, ಬುಟ್ಟಿಗೆ ಜೋಡಿಸಿ ಬಟ್ಟೆ ಮುಚ್ಚಿ ತಂದು ಕೊಡುತ್ತಿದ್ದರು. ಅದಕ್ಕೆ ಕೂಲಿ ಇರಲಿಲ್ಲ, ಮುಯ್ಯಿ ಇತ್ತು. ಇವತ್ತು ನಿಮ್ಮ ಮನೆಗೆ ಬಡಿದ ರೊಟ್ಟಿ ನಾಳೆ ನಮ್ಮ ಮನೆಯ ಮದುವೆಗೆ ತಿರುಗಿ ಬರಬೇಕು. ಈಗ ಓಣಿಯ ಎಷ್ಟೋ ಬಾಗಿಲುಗಳಿಗೆ ಬೀಗ. ಮನೆಯವರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ದುಡಿಯಲು ಹೋಗಿದ್ದಾರೆ. ಊರಲ್ಲಿ ಉಳಿದವರಿಗೆ ಬಿಡುವಿಲ್ಲ. ಆ ತೆರವಾದ ಜಾಗಕ್ಕೆ ಬಂದವರು ಕೇಟರಿಂಗ್‌ನವರು. ಹಾಗಾಗಿ ಇಲ್ಲಿನ ಕೇಟರಿಂಗನ್ನು ಹೋಟೆಲಿನಿಂದ ಕವಲೊಡೆದ ಉದ್ಯಮ ಎಂದುಕೊಂಡರೆ ಅದರ ಗುಟ್ಟೇ ಸಿಗುವುದಿಲ್ಲ. ಅದು ಮುಯ್ಯಿಯ ವಾರಸುದಾರ. ಮುಯ್ಯಿಯ ಕಟ್ಟಳೆ ಪಾಲಿಸಿದವರು ಮಾತ್ರ ಇಲ್ಲಿ ಬೆಳೆಯುತ್ತಾರೆ ಎಂಬುದು ನನ್ನ ವಾದ.

ಮುಯ್ಯಿ ಅಂದ ಕೂಡಲೇ ಔದಾರ್ಯ ಎಂದು ತಿಳಿಯಬೇಕಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ತೆರೆದು ನೋಡಿದವರಿಗೆ ಅದು ಎಷ್ಟು ಗಟ್ಟಿ ಲೆಕ್ಕ ಎಂಬುದು ಗೊತ್ತು. ಅಡುಗೆಯವರ ಕಸುಬೂ ಹಾಗೆಯೇ. ಅದರ ಮೊದಲ ಮೆಟ್ಟಿಲು ಕೂಲಿ ಅಡುಗೆ: ಅಡುಗೆಯವರು ಕಿರಾಣಿ ಪಟ್ಟಿ ಬರೆದು ಕೊಡುತ್ತಾರೆ, ಮನೆಯವರು ಸಾಮಾನು ತರುತ್ತಾರೆ, ಬೇಯಿಸಿ ಬಡಿಸಿದ್ದಕ್ಕೆ ಕೂಲಿ. ಎರಡನೆಯ ಮೆಟ್ಟಿಲು ಎಲೆ ಲೆಕ್ಕದ ಗುತ್ತಿಗೆ. ಸಾಮಾನೂ ಅಡುಗೆಯವರದೇ, ಒಂದೆಲೆಗೆ ಇಷ್ಟು ಎಂದು ಮಾತು. ಲಾಭ ಇರುವುದು ಇದರಲ್ಲಿ, ಮುಳುಗುವುದೂ ಇದರಲ್ಲೇ. ಒಂದು ಕಿಲೋ ಅಕ್ಕಿ ಹೆಚ್ಚೆಂದರೆ 10 ಮಂದಿಗೆ ಸಾಕು; ಒಂದು ಕಿಲೋ ಜೋಳದ ಹಿಟ್ಟಿಗೆ 15ರಿಂದ 18 ರೊಟ್ಟಿ. 500 ಎಲೆ ಎಂದು ಮಾತಾಗಿ 700 ಮಂದಿ ಬಂದರೆ 20 ಕಿಲೋ ಅಕ್ಕಿ, 400 ರೊಟ್ಟಿ ಎಲ್ಲಿಂದಲೋ ಹುಟ್ಟಬೇಕು. 300 ಮಂದಿಯೇ ಬಂದರೆ ಗುಂಡಿಗಟ್ಟಲೆ ಸಾರು ತಿಪ್ಪೆಗೆ. ಲಗ್ನಪತ್ರಿಕೆ ಎಷ್ಟು ಮನೆಗೆ ಹೋಗಿದೆ ಎಂಬುದರಿಂದ ಇದು ತಿಳಿಯುವುದಿಲ್ಲ. ಅದೇ ವಾರ ಕೊಟ್ಟೂರೇಶ್ವರನ ತೇರು ಇದೆಯೇ, ಮೈಲಾರದ ಕಾರಣಿಕಕ್ಕೆ ಜನ ಹೊರಟಿದ್ದಾರೆಯೇ, ಬೀಗರು ಎರಡು ಬಸ್ಸಿನಲ್ಲಿ ಬರುತ್ತಾರೋ ನಾಲ್ಕು ಟ್ರ್ಯಾಕ್ಟರಿನಲ್ಲೋ, ಆ ಮನೆತನ ಬೇರೆಯವರ ಮದುವೆಗಳಿಗೆ ಹೋಗಿ ಬಂದದ್ದು ಎಷ್ಟು, ಬಿತ್ತನೆಗೆ ಹದವಾದ ಮಳೆ ಬಿದ್ದಿದೆಯೇ, ಇವೆಲ್ಲ ಗೊತ್ತಿದ್ದವರಿಗೆ ಮಾತ್ರ ಎಲೆಯ ಅಂದಾಜು ಹತ್ತುತ್ತದೆ. ಊರಿನ ಒಡನಾಟ ಎಂದು ನಾವು ಮೃದುವಾಗಿ ಕರೆಯುವುದು ಕಸುಬಿನ ಕಣ್ಣಿಗೆ ಇಂಥ ಮಾಹಿತಿಯ ಭಂಡಾರ. ಹೊರಗಿನಿಂದ ಬಂದವರು ಇದನ್ನು ದುಡ್ಡು ಕೊಟ್ಟು ಕೊಳ್ಳಲಾರರು.

ಇನ್ನು ಸೇವೆ ಎನ್ನುವ ಮಾತು. ಬೋರ್ಡಿನ ಮೇಲೆ ಎಲ್ಲರೂ ಬರೆಸುತ್ತಾರೆ, ಅದರ ಪರೀಕ್ಷೆ ನಡೆಯುವುದು ಕೊನೇ ಪಂಕ್ತಿಯಲ್ಲಿ. ಮೊದಲ ಪಂಕ್ತಿಗೆ ಬೀಗರು, ಊರ ಹಿರಿಯರು ಕೂತಿರುತ್ತಾರೆ. ಅಲ್ಲಿ ಗೋಧಿ ಹುಗ್ಗಿಯ ಮೇಲೆ ತುಪ್ಪ ಧಾರೆಯಾಗಿ ಬೀಳುತ್ತದೆ, ಎಣ್ಣೆಗಾಯಿ ಇಡಿಯಾಗಿ ಎಲೆಗೆ ಬರುತ್ತದೆ. ಮೂರೂವರೆ ಗಂಟೆಯ ಹೊತ್ತಿಗೆ ಕೂರುವವರು ವಾಲಗದವರು, ಶಾಮಿಯಾನ ಕಟ್ಟಿದವರು, ಪಾತ್ರೆ ತೊಳೆಯುವವರು, ಬಸ್ಸು ತಪ್ಪಿ ತಡವಾಗಿ ಬಂದ ದೂರದ ನೆಂಟರು, ಬೆಳಗಿನಿಂದ ಓಡಾಡಿ ಸುಸ್ತಾದ ಮನೆಯವರು. ಆ ಎಲೆಗೆ ಬರುವ ಸಾರು ನೀರಾಗಿದ್ದರೆ, ಬದನೆಕಾಯಿ ಮುಗಿದು ಬರೀ ಗೊಜ್ಜು ಬಂದರೆ, ಬಡಿಸುವ ಹುಡುಗ ಮುಖ ನೋಡದೆ ಸೌಟು ಕೊಡವಿ ಮುಂದೆ ಹೋದರೆ ಆ ಮಾತು ಸಂಜೆಯೊಳಗೆ ಮೂರು ಹಳ್ಳಿ ದಾಟಿರುತ್ತದೆ. ಮುಂದಿನ ಮದುವೆಗೆ ಯಾರನ್ನು ಕರೆಯಬೇಕು ಎಂದು ತೀರ್ಮಾನಿಸುವ ಮನೆಯೊಡೆಯ, ಅವನ ಹೆಂಡತಿ, ಅಣ್ಣತಮ್ಮಂದಿರು ಉಣ್ಣುವುದೂ ಕೊನೆಯಲ್ಲೇ. ಇದನ್ನು ಅರಿತ ಅಡುಗೆಯವರು ಒಂದು ಕೊಪ್ಪರಿಗೆಯ ಅನ್ನವನ್ನು ಮೊದಲೇ ಎತ್ತಿಡುತ್ತಾರೆ.

ಮದುವೆಗಿಂತಲೂ ಆಳವಾಗಿ ನೆನಪಿನಲ್ಲಿ ಉಳಿಯುವುದು ಸಾವಿನ ಮನೆಯ ಊಟ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಊಟ ತಂದು ಕೊಡುವುದು ರೂಢಿ. ಸಾವಿನ ನಂತರದ ಶಿವಗಣಾರಾಧನೆಗೆ ಅಡುಗೆಯವರನ್ನು ಕರೆಯುವ ಮನೆ ದರದ ಬಗ್ಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಆಗ ಹೆಚ್ಚು ಕೇಳಿದವರಿಗೆ ಅಂದಿನ ಲಾಭವೇನೋ ಸಿಗುತ್ತದೆ, ಆ ಮನೆಯ ಮದುವೆ ಮಾತ್ರ ಮತ್ತೆ ಸಿಗುವುದಿಲ್ಲ. ಮಠದ ಸಾಮೂಹಿಕ ವಿವಾಹ, ಶ್ರಾವಣದ ಪುರಾಣ, ಜಾತ್ರೆಯ ದಾಸೋಹಗಳದೂ ಇದೇ ಕತೆ. ಪಕ್ಕದ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಅಲ್ಲಿ ಬೆವರು ಸುರಿಸಿದ ಅಡುಗೆಯವರಿಗೆ ಬೇರೆ ಜಾಹೀರಾತು ಬೇಕಿಲ್ಲ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಪತ್ರ ಸಿಕ್ಕಿದೆ, ಸಂತೋಷ. ಕೊಟ್ಟೂರಿನ ಮಿರ್ಚಿ-ಮಂಡಕ್ಕಿ ಯಾವ ಪತ್ರವೂ ಇಲ್ಲದೆ ಬಾಯಿಂದ ಬಾಯಿಗೆ ಹೆಸರಾಗಿದೆ.

ಇದನ್ನೆಲ್ಲ ಕೇಳಿದ ವ್ಯವಹಾರಸ್ಥರು ಹೇಳುವುದೊಂದೇ: ಒಡನಾಟ ಹೆಚ್ಚಿದಷ್ಟೂ ಉದ್ರಿ ಹೆಚ್ಚುತ್ತದೆ, ಪರಿಚಯದವರೇ ಅಂಗಡಿ ಮುಳುಗಿಸುತ್ತಾರೆ. ಮಾತು ಸುಳ್ಳಲ್ಲ. ‘ಶೇಂಗಾ ಮಾರಿ ಕೊಡ್ತೀನಿ’ ಎನ್ನುವ ರೈತ ಮೋಸಗಾರನೇನಲ್ಲ. ಶೇಂಗಾ ಕೈಕೊಟ್ಟರೆ ಅವನಾದರೂ ಏನು ಮಾಡಿಯಾನು? ಆದರೆ ಮುಯ್ಯಿಯನ್ನು ಯಾರೂ ಯಾವತ್ತೂ ಮನ್ನಾ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬರೆದಿಡುತ್ತಿದ್ದರು, ನೆನಪಿಸುತ್ತಿದ್ದರು, ಮರಳಿ ಪಡೆಯುತ್ತಿದ್ದರು. ಕಿರಾಣಿಯ ಮೊತ್ತಕ್ಕೆ ಸರಿಯಾಗಿ ಮುಂಗಡ ಪಡೆದು, ಉದ್ರಿ ಬಿಡುವುದಾದರೆ ತಮ್ಮ ಕೂಲಿಯ ಮಟ್ಟಿಗೆ ಮಾತ್ರ ಬಿಟ್ಟರೆ ಪೈರು ಕೈಕೊಟ್ಟ ವರ್ಷವೂ ಕಿರಾಣಿ ಅಂಗಡಿಯ ಸಾಲ ತಲೆಯ ಮೇಲೆ ಬರುವುದಿಲ್ಲ. ಕಾಗದಪತ್ರವೂ ಅಷ್ಟೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಸಣ್ಣ ಅಡುಗೆಯವರೂ ನೋಂದಣಿ ಮಾಡಿಸಬೇಕು. ಇದನ್ನು ಪೇಟೆಯವರ ತಲೆನೋವು ಎಂದು ಬಿಟ್ಟವರಿಗೆ ಶಾಲೆ, ಬ್ಯಾಂಕು, ಸರ್ಕಾರಿ ಕಾರ್ಯಕ್ರಮಗಳ ಊಟದ ಗುತ್ತಿಗೆ ದಕ್ಕುವುದು ಕಷ್ಟ. ಬೇಸಿಗೆಯ ಉರಿಯಲ್ಲಿ ಮಧ್ಯಾಹ್ನದ ಪಲ್ಯ ಸಂಜೆಗೆ ಹಳಸಿ ಒಂದೇ ಒಂದು ಊಟ ಹೊಟ್ಟೆ ಕೆಡಿಸಿದರೂ ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಜಾತಿಯದು. ಸಮುದಾಯದ ಬೆಂಬಲ ಎನ್ನುವುದು ನಮ್ಮ ಕಡೆ ಬಹಳ ಸಲ ‘ನಮ್ಮವರ’ ಬೆಂಬಲವಷ್ಟೇ. ಯಾರ ಕೈಯ ಅಡುಗೆ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಅಡುಗೆಯವರ ಜಾತಿ ನೋಡಿ ಮಕ್ಕಳನ್ನು ಶಾಲೆಯ ಊಟಕ್ಕೆ ಬಿಡದ ಪ್ರಕರಣಗಳು ಈ ರಾಜ್ಯದಲ್ಲೇ ನಡೆದಿವೆ. ಇದನ್ನು ಮುಚ್ಚಿಟ್ಟು ದಾಸೋಹದ ಹಿರಿಮೆ ಹಾಡುವುದು ಸರಿಯಲ್ಲ. ಅದೇ ಹೊತ್ತಿಗೆ ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ಬಂದು ಎರಡು ದಶಕ ದಾಟಿದೆ. ಒಂದೇ ಒಲೆಯ ಅನ್ನವನ್ನು ಒಂದೇ ಸಾಲಿನಲ್ಲಿ ಕೂತು ಉಂಡ ಮಕ್ಕಳೇ ಇಂದು ಮದುವೆ ಮಾಡಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ, ನೂರಾರು ಮಂದಿಗೆ ಅಡುಗೆ ಮಾಡಿ ಪಳಗಿದ ಹೆಣ್ಣುಮಕ್ಕಳು ಊರೂರಲ್ಲಿದ್ದಾರೆ. ಅವರಿಗೆ ತಿಂಗಳಿಗೆ ಸಿಗುವ ಗೌರವಧನ ಅಲ್ಪ. ಅವರನ್ನು ಜಾತಿ ನೋಡದೆ ತಂಡಕ್ಕೆ ಸೇರಿಸಿಕೊಳ್ಳುವ ಅಡುಗೆಯವರಿಗೆ ಕೈಗಳೂ ಸಿಗುತ್ತವೆ, ಹೊಸ ಓಣಿಗಳ ಬಾಗಿಲೂ ತೆರೆಯುತ್ತವೆ. ಸ್ವಂತ ಜಾತಿಯ ಮದುವೆಗಳನ್ನೇ ನಂಬಿದವರ ಕಸುಬು ಆ ಮದುವೆಗಳ ಸಂಖ್ಯೆಗೇ ನಿಲ್ಲುತ್ತದೆ.

ಹೊಸಪೇಟೆ, ದಾವಣಗೆರೆಯ ದೊಡ್ಡ ಕೇಟರಿಂಗ್‌ನವರ ಭಯವನ್ನು ಅಷ್ಟಾಗಿ ಹಚ್ಚಿಕೊಳ್ಳಬೇಕಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಇಷ್ಟೆಲ್ಲ ಗಡಿ ಬದಲಾದರೂ ಅಲ್ಲಿನವರ ಬೀಗತನ ಎಲ್ಲಿತ್ತೋ ಅಲ್ಲೇ ಇದೆ. ಅಡುಗೆಯವರ ಸೀಮೆ ಈ ಬೀಗತನದ ಸೀಮೆ. ಪೇಟೆಯವರು ಬಫೆ ಮೇಜು, ಹತ್ತು ಬಗೆಯ ಸಿಹಿ ತರಬಹುದು. ಮೂರೂವರೆಗೆ ಉಣ್ಣುವ ವಾಲಗದವನ ಹೆಸರು ಹಿಡಿದು ‘ಇನ್ನೊಂದು ರೊಟ್ಟಿ ಹಾಕ್ಲ್ಯಾ?’ ಎಂದು ಕೇಳುವವರು ಅವರಲ್ಲಿ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಕಾರ್ಯವಿದ್ದರೆ, ಸಂಚಕಾರ ಕೊಡುವ ಮುಂಚೆ ಆ ಅಡುಗೆಯವರು ಮಾಡುತ್ತಿರುವ ಬೇರೆ ಯಾವುದಾದರೂ ಊಟಕ್ಕೆ ಹೋಗಿ. ಮೊದಲ ಪಂಕ್ತಿಗೆ ಕರೆದರೂ ಏಳಬೇಡಿ. ಕೊನೆಯದಕ್ಕೆ ಕೂತು ಉಂಡು ಬನ್ನಿ.