ಎಂಟನೆಯ ಕಟ್ಟಳೆ ಮತ್ತು ಅಂಗೈಯಲ್ಲಿನ ಸುದ್ದಿ

ಲಷ್ಕರ್ ಮೊಹಲ್ಲಾದ ಸಂತ ಫಿಲೋಮಿನಾ ದೇವಾಲಯದಲ್ಲಿ ಭಾನುವಾರದ ಬಲಿಪೂಜೆ ಮುಗಿದೊಡನೆ ನಮ್ಮಲ್ಲಿ ಅನೇಕರ ಕೈ ಜಪಸರವನ್ನು ಬಿಟ್ಟು ಮೊಬೈಲನ್ನು ಹಿಡಿಯುತ್ತದೆ. ಬಂದದ್ದನ್ನು ಓದುತ್ತೇವೆ, ನಂಬುತ್ತೇವೆ, ಮೆಟ್ಟಿಲಿಳಿಯುವ ಮುನ್ನವೇ ಇತರರಿಗೆ ಕಳುಹಿಸುತ್ತೇವೆ. ಸಂತರ ಹೆಸರಿನಲ್ಲಿ ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಪತ್ರಗಳು ಹಿರಿಯರಿಗೆ ನೆನಪಿರಬಹುದು: ಪ್ರತಿ ಮಾಡಿ ಹಂಚಿದರೆ ವರ, ಹಂಚದಿದ್ದರೆ ಕೇಡು. ಅಂದು ಕೈ ನೋಯುವಷ್ಟು ಬರೆಯಬೇಕಿತ್ತು. ಇಂದು ಒಂದು ಬೆರಳು ಸಾಕು.

ಆ ಬೆರಳು ಎಂತಹ ಅನಾಹುತಕ್ಕೆ ಕಾರಣವಾಗಬಲ್ಲದೆಂಬುದನ್ನು ನಮ್ಮ ರಾಜ್ಯ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಊರೂರು ಹೊಕ್ಕಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ಎಲ್ಲೆಡೆ ಹಬ್ಬಿದವು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡೊಯ್ಯುವ ದೃಶ್ಯವೂ ಜೊತೆಗಿತ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಉದ್ರಿಕ್ತ ಗುಂಪಿನ ಹೊಡೆತಕ್ಕೆ ಬಲಿಯಾದರು. ಎಂಜಿನಿಯರ್ ಇದ್ದ ಗೆಳೆಯರ ತಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಮೂಲವಾಯಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿಯನ್ನು ತಲುಪಿತ್ತು.

ಒಳ್ಳೆಯವರೂ ಇಂತಹುದನ್ನು ನಂಬುವುದೇಕೆ? ಕಳುಹಿಸಿದವರು ಅಣ್ಣನೋ ಅತ್ತಿಗೆಯೋ ಆಗಿರುತ್ತಾರೆ. ಅವರ ಮೇಲಿನ ವಿಶ್ವಾಸ ಸುದ್ದಿಗೂ ಅಂಟಿಕೊಳ್ಳುತ್ತದೆ. ಒಂದೇ ಮಾತು ಮೂರು ಗುಂಪುಗಳಿಂದ ಬಂದಾಗ ಮೂವರು ಸಾಕ್ಷಿಗಳು ದೊರೆತಂತೆ ತೋರುತ್ತದೆ, ಮೂಲ ಒಂದೇ ಆಗಿದ್ದರೂ. ಪೊಲೀಸರು ನಿರಾಕರಿಸಿದರೆ, ಮುಚ್ಚಿಡುತ್ತಿದ್ದಾರೆಂಬ ಹೊಸ ಗುಮಾನಿ ಹುಟ್ಟುತ್ತದೆ. ಹೀಗೆ ಸಂಚಿನ ಕಥೆಗೆ ಅಲ್ಲಗಳೆಯುವ ಮಾತೂ ಆಹಾರವಾಗುತ್ತದೆ.

ದಿವಂಗತ ಪೋಪ್ ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳು ಸುದ್ದಿಗೇ ಮೀಸಲಿಟ್ಟಿದ್ದರು. ಆದಿಕಾಂಡದ ಸರ್ಪವನ್ನು ಅವರು ಇದರ ಮೊದಲ ನಿದರ್ಶನವಾಗಿ ತೋರಿಸಿದರು. ಸರ್ಪವು ಹವ್ವಳ ಹಿತೈಷಿಯಂತೆಯೇ ಮಾತನಾಡಿತಲ್ಲವೆ?

2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ಆದರೆ ಯಂತ್ರದ ಮಿತಿ ಮನಸ್ಸಾಕ್ಷಿಯ ಮಿತಿಯಾಗದು. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನಾಲಗೆಗಷ್ಟೇ ಅಲ್ಲ, ಬೆರಳಿಗೂ ಅನ್ವಯಿಸುತ್ತದೆ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ನಾವು ಕಳುಹಿಸಿದ ಸಂದೇಶಗಳನ್ನೂ ನೆನೆಯೋಣ; ತಪ್ಪಾಗಿದ್ದರೆ ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಳ್ಳೋಣ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಈ ದೇವಾಲಯಕ್ಕೆ ಇಂದಿಗೂ ಎಲ್ಲ ಮತದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ನೆರೆಹೊರೆಯ ಆ ವಿಶ್ವಾಸವನ್ನು ಪರಿಶೀಲಿಸದ ಒಂದು ಸಂದೇಶಕ್ಕಾಗಿ ಕಳೆದುಕೊಳ್ಳದಿರೋಣ.