ದನದ ಮದ್ದು, ಹದ್ದಿಗೆ ವಿಷ

ಸಮುದ್ರದಲ್ಲಿ ಹಡಗು ಮುಳುಗಿ ಎಣ್ಣೆ ಚೆಲ್ಲಿದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. 2025ರ ಮೇ 25ರಂದು ಕೇರಳದ ಕೊಚ್ಚಿಯ ಆಚೆ ‘ಎಂ.ಎಸ್.ಸಿ. ಎಲ್ಸಾ-3’ ಎಂಬ ಹಡಗು ಮುಳುಗಿತು. ಅದರಲ್ಲಿ ಸುಮಾರು 84 ಟನ್ ಡೀಸೆಲ್ಲೂ 367 ಟನ್ ಉರುವಲು ಎಣ್ಣೆಯೂ ಇದ್ದವು. ಇಂಥ ಎಣ್ಣೆ ಕಡಲಹಕ್ಕಿಯ ಮೈಗೆ ಅಂಟಿದರೆ ಗರಿಗಳು ಮುದ್ದೆಗಟ್ಟಿ ನೀರು ಒಳಕ್ಕಿಳಿಯುತ್ತದೆ. ಹಕ್ಕಿ ಚಳಿಯಿಂದ ಸಾಯುತ್ತದೆ. ಇಲ್ಲವೆ ಕೊಕ್ಕಿನಿಂದ ಗರಿ ತಿದ್ದಿಕೊಳ್ಳುವಾಗ ಎಣ್ಣೆಯನ್ನು ನುಂಗಿ ಸಾಯುತ್ತದೆ.

“ನಮ್ಮ ತಾಳವಾಡಿ ಸೀಮೆಯಲ್ಲಿ ಸಮುದ್ರವಿಲ್ಲ, ಹಡಗಿಲ್ಲ, ಆ ಪಾಪ ನಮಗೇತರದು?” ಎಂದು ರೈತ ಬಾಂಧವರು ಕೇಳಬಹುದು. ಎಣ್ಣೆ ನೀರಿನ ಮೇಲೆ ತೇಲಿ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ವಿಷವೂ ಉಂಟು. ಅದು ಹೊರಡುವುದು ನಮ್ಮ ಕೊಟ್ಟಿಗೆಯಿಂದಲೇ. ಅದರ ವಿಚಾರವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ನಮ್ಮ ಬೆಟ್ಟಗಳ ದಕ್ಷಿಣಕ್ಕೆ, ಕೆಳಗಿನ ಕಣಿವೆಯಲ್ಲಿ, ಮೋಯಾರ್ ಹೊಳೆ ಹರಿದು ಭವಾನಿಸಾಗರವನ್ನು ಸೇರುತ್ತದೆ. ಆ ಹೊಳೆಯ ದಡದ ಹೊಳೆಮತ್ತಿ ಮರಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದಕ್ಷಿಣ ದೇಶದಲ್ಲಿ ರಣಹದ್ದುಗಳು ಉಳಿದಿರುವ ಕೆಲವೇ ನೆಲೆಗಳಲ್ಲಿ ಇದು ಮುಖ್ಯವಾದುದು. ಕರ್ನಾಟಕದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಈ ಹಕ್ಕಿಗಾಗಿಯೇ ರಕ್ಷಿತ ಧಾಮವೆಂದು ಸಾರಲಾಯಿತು.

ಒಂದು ಕಾಲದಲ್ಲಿ ದನ ಸತ್ತ ಕಡೆಯಲ್ಲೆಲ್ಲ ರಣಹದ್ದುಗಳ ಹಿಂಡು ಇಳಿಯುತ್ತಿತ್ತು. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ಹದ್ದುಗಳು ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. ರೋಗವೇ ಬಂದಿರಬೇಕೆಂದು ಮೊದಲು ಹಲವರು ಊಹಿಸಿದರು. ನಿಜವಾದ ಕಾರಣ 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಹೊರಬಿತ್ತು. ಅದು ಡೈಕ್ಲೋಫೆನಾಕ್ ಎಂಬ ಔಷಧಿ. ದನದ ಬಾವು, ನೋವು, ಜ್ವರಗಳಿಗೆ ಚುಚ್ಚುತ್ತಿದ್ದ ಅಗ್ಗದ ಮದ್ದು.

ಈ ಮದ್ದು ದನಕ್ಕೆ ಹಿತ, ಹದ್ದಿಗೆ ವಿಷ. ಅದು ಹೇಗೆಂದರೆ, ಚುಚ್ಚಿಸಿಕೊಂಡ ದನ ಕೆಲವೇ ದಿನಗಳಲ್ಲಿ ಸತ್ತರೆ ಮದ್ದು ಅದರ ಮಾಂಸದಲ್ಲಿಯೂ ಯಕೃತ್ತಿನಲ್ಲಿಯೂ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಹೊರಗೆ ಹೋಗಬೇಕಾದ ಕಶ್ಮಲ ರಕ್ತದಲ್ಲಿ ನಿಂತು, ಹೃದಯದ ಮೇಲೂ ಯಕೃತ್ತಿನ ಮೇಲೂ ಸುಣ್ಣ ಬಳಿದಂತೆ ಬೆಳ್ಳಗೆ ಕೂಡುತ್ತದೆ. ಹಕ್ಕಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಕೂಡುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಇಂಥವಾದರೂ ಸಂತತಿ ಅಳಿಯಲು ಸಾಕೆಂದು ಲೆಕ್ಕ ಹಾಕಿದ್ದಾರೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದದ್ದನ್ನು ಬೇಗ ತುಂಬಿಕೊಳ್ಳಲಾರದು.

ಹದ್ದು ಹೋದರೆ ನಮಗೇನು ನಷ್ಟ? ಹೆಣ ಕೊಳೆಯುತ್ತದೆ, ಅದನ್ನು ತಿಂದು ಬೀದಿನಾಯಿಗಳು ಹೆಚ್ಚುತ್ತವೆ, ಹುಚ್ಚುನಾಯಿ ಕಡಿತದ ಭಯವೂ ಹೆಚ್ಚುತ್ತದೆ. ನಾಯಿ ಹೆಚ್ಚಿದ ಊರಿಗೆ ಚಿರತೆ ಬರುವುದನ್ನು ನಮ್ಮ ಕಾಡಂಚಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇತರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಿತು. ತಿಳಿದವರೊಬ್ಬರು ಬಂದು ಚುಚ್ಚಿ ಹೋದರು. ಮದ್ದು ಯಾವುದೆಂದು ನಾವು ಕೇಳಲಿಲ್ಲ. ಮೂರನೆಯ ದಿನ ಹಸು ಸತ್ತಿತು. ಕಾಡಿನ ಅಂಚಿಗೆ ಎಳೆಸಿ ಬಂದೆವು. ಶಾಲೆಯಲ್ಲಿ ದಿನವೂ ಮಕ್ಕಳಿಗೆ ಪ್ರಶ್ನೆ ಕೇಳುವ ನಾವು ಆ ಒಂದು ಪ್ರಶ್ನೆಯನ್ನು ಕೇಳದೆ ಹೋದದ್ದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಇನ್ನು ಮಾಡತಕ್ಕದ್ದೇನು?

ಮೊದಲನೆಯದು, ಮದ್ದಿನ ಹೆಸರು ಕೇಳುವುದು. ಡೈಕ್ಲೋಫೆನಾಕನ್ನು ದನಗಳಿಗೆ ಕೊಡುವುದನ್ನು ಸರ್ಕಾರ 2006ರಲ್ಲಿಯೇ ನಿಲ್ಲಿಸಿತು. ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ನುಸುಳುತ್ತಿದ್ದುದರಿಂದ 2015ರಲ್ಲಿ ಅವನ್ನೂ ತಡೆಯಲಾಯಿತು. ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ದನಗಳಿಗೆ ನಿಷೇಧಿಸಿದರು. ಮೆಲಾಕ್ಸಿಕಾಮ್, ಟಾಲ್ಫೆನಾಮಿಕ್ ಆಮ್ಲ, ಇವೆರಡೂ ಹದ್ದಿಗೆ ಅಪಾಯವಿಲ್ಲದವು. ಪಶುವೈದ್ಯರನ್ನು ಕೇಳಿ ಇವನ್ನೇ ಕೊಡಿಸಿ. ಸೀಸೆಯ ಮೇಲಿನ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ.

ಎರಡನೆಯದು, ನೋವಿನ ಮದ್ದು ಪಡೆದ ಒಂದೆರಡು ವಾರದೊಳಗೆ ದನ ಸತ್ತರೆ ಅದನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳುವುದು. ನೆರಡಿ ರೋಗದ ಸಂದೇಹವಿದ್ದರೆ ಹೆಣವನ್ನು ಮುಟ್ಟದೆ, ಚರ್ಮ ಸುಲಿಯದೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಮೂರನೆಯದು, ಹುಲಿಯೋ ಚಿರತೆಯೋ ಕೊಂದ ದನಕ್ಕೆ ಸಿಟ್ಟಿನಿಂದ ವಿಷ ಸವರದಿರುವುದು. ಕರು ಕಳೆದುಕೊಂಡವನ ಸಂಕಟ ನಮಗೆ ತಿಳಿಯದ್ದಲ್ಲ. ಆದರೆ ಆ ವಿಷ ಹದ್ದನ್ನೂ ಕೊಲ್ಲುತ್ತದೆ, ನಮ್ಮ ನಾಯಿಯನ್ನೂ ಕೊಲ್ಲುತ್ತದೆ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವುದೇ ಸರಿಯಾದ ದಾರಿ.

ಗುಮಟಾಪುರದವರಾದ ನಾವು ದೀಪಾವಳಿ ಕಳೆದ ಮೇಲೆ ಸಗಣಿಯನ್ನು ರಾಶಿ ಹಾಕಿ, ಪೂಜಿಸಿ, ಒಬ್ಬರಿಗೊಬ್ಬರು ಎರಚಿ ಹಬ್ಬ ಮಾಡುವವರು. ದನದ ಮೈಯಿಂದ ಬಂದದ್ದೆಲ್ಲ ನಮಗೆ ಪವಿತ್ರ. ಆ ಮೈಯೊಳಕ್ಕೆ ನಾವು ಏನು ಸೇರಿಸುತ್ತೇವೆ ಎಂಬುದನ್ನೂ ನೋಡಬೇಕಲ್ಲವೆ? ಮದ್ದನ್ನು ಚಾಮರಾಜನಗರದಿಂದ ತಂದರೂ ಸತ್ಯಮಂಗಲದಿಂದ ತಂದರೂ ಹದ್ದಿಗೆ ಒಂದೇ. ಹಕ್ಕಿಗೆ ಗಡಿಯಿಲ್ಲ, ವಿಷಕ್ಕೂ ಇಲ್ಲ.