ಹಳೆಯ ವಾಲ್ವ್ ರೇಡಿಯೋಗೆ ಬೆಲೆ ಕಟ್ಟುವುದು ಹೇಗೆ?

ಟ್ರಾನ್ಸಿಸ್ಟರ್ ಬರುವ ಮುಂಚಿನ ರೇಡಿಯೋಗಳಲ್ಲಿ ಗಾಜಿನ ವಾಲ್ವ್‌ಗಳು ಇರುತ್ತಿದ್ದವು. ಅವು ಕಾದ ಮೇಲೆಯೇ ಧ್ವನಿ. ಸ್ವಿಚ್ ಹಾಕಿ ಅರ್ಧ ನಿಮಿಷ ಸುಮ್ಮನೆ ಕೂರಬೇಕು. 1950, 60ರ ದಶಕಗಳಲ್ಲಿ ಮರ್ಫಿ, ಬುಷ್, ಫಿಲಿಪ್ಸ್ ಸೆಟ್‌ಗಳು ಹೆಸರುವಾಸಿ. ಕರೆಂಟ್ ಇಲ್ಲದ ಹಳ್ಳಿಗಳಿಗೆ 90 ವೋಲ್ಟಿನ ದೊಡ್ಡ ಬ್ಯಾಟರಿಯ ಸೆಟ್‌ಗಳೂ ಇದ್ದವು.

ಅಕೌಂಟೆನ್ಸಿ ಕ್ಲಾಸಿನಲ್ಲಿ ನಾವು ಸವಕಳಿ ಕಲಿಯುತ್ತೇವೆ. ಆ ಲೆಕ್ಕದಲ್ಲಿ 60 ವರ್ಷದ ರೇಡಿಯೋದ ಬೆಲೆ ಸೊನ್ನೆ. ಉಪಯೋಗವೂ ಕಡಿಮೆ: ನಮ್ಮ ಹೊಸಪೇಟೆ ಆಕಾಶವಾಣಿ ಎಫ್‌ಎಂ, ಈ ಸೆಟ್‌ಗಳಲ್ಲಿ ಹೆಚ್ಚಿನವು ಹಿಡಿಯುವುದು ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ. ಆದರೂ ಸಂಗ್ರಹಕಾರರು ಹಣ ಕೊಡುತ್ತಾರೆ. ಯಾವುದಕ್ಕೆ?

ವಯಸ್ಸೊಂದಕ್ಕೇ ಅಲ್ಲ, ಮೂಲ ರೂಪಕ್ಕೆ. ಮೊದಲು ನೋಡುವುದು ಸ್ಟೇಷನ್ ಹೆಸರುಗಳಿರುವ ಡಯಲ್ ಗಾಜು; ಒಡೆದರೆ ಅಂಥದ್ದೇ ಸಿಗುವುದು ಕಷ್ಟ. ಆಮೇಲೆ ಗುಂಡಿಗಳು, ಹಿಂಬದಿಯ ಮುಚ್ಚಳ, ಗೆದ್ದಲು ಹಿಡಿಯದ ಮರದ ಪೆಟ್ಟಿಗೆ. ಹೊಸ ಪೇಂಟ್ ಬಳಿದರೆ ಬೆಲೆ ಇಳಿಯಬಹುದು. 2,000 ರೂಪಾಯಿ ಕೊಟ್ಟು ರಿಪೇರಿ ಮಾಡಿಸಿದರೆ ಬೆಲೆಯೂ 2,000 ಏರುತ್ತದೆ ಎಂದೇನಿಲ್ಲ. ಖರ್ಚು ಬೇರೆ, ಮೌಲ್ಯ ಬೇರೆ.

ಕಾಗದಪತ್ರಕ್ಕೂ ಬೆಲೆಯುಂಟು. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ವರ್ಷಾವರ್ಷ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಸೆಟ್ಟಿನ ಜೊತೆ ಆ ಪುಸ್ತಕವೂ ಇದ್ದರೆ ಕೊಳ್ಳುವವರಿಗೆ ನಂಬಿಕೆ ಹೆಚ್ಚು.

ಕಂಪ್ಲಿಯ ನಮ್ಮ ಮನೆಯ ಮರ್ಫಿಗೆ ಗುಜರಿಯವರು ತೂಕ ಮಾಡಿ 200 ರೂಪಾಯಿ ಅಂದರು. ಹೊಸಪೇಟೆಯ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು 3,000 ಅಂದರು, ಲೈಸೆನ್ಸ್ ಪುಸ್ತಕ ಕೊಟ್ಟರೆ ಇನ್ನೂ 500. ಮನೆಯ ಚಾವಣಿ ಸೋರುತ್ತಿದೆ, ಹಣ ಬೇಕು. ಆದರೆ ಪುಸ್ತಕದಲ್ಲಿ ದಾದಾ ಅವರ ಹೆಸರಿದೆ. ದಾದಿಮಾ ಅಂದರು, "ಡಬ್ಬಾ ಬೇಕಾದರೆ ಮಾರಿ, ಹೆಸರು ಮಾರಬೇಡಿ." ಚಾಚಾ 500 ಬಿಟ್ಟುಕೊಟ್ಟು ರೇಡಿಯೋ ಒಂದನ್ನೇ ಮಾರಿದರು. ಆ 500 ಅನ್ನು ಯಾವ ಖಾತೆಗೆ ಬರೆಯಬೇಕೋ ನಮ್ಮ ಪಠ್ಯದಲ್ಲಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥ ರೇಡಿಯೋ ಇದ್ದರೆ ನೇರವಾಗಿ ಪ್ಲಗ್ ಹಾಕಬೇಡಿ. ಒಳಗಿನ ಕೆಪಾಸಿಟರ್‌ಗಳು ಕೆಟ್ಟಿರಬಹುದು, ಶಾಕ್ ಹೊಡೆಯಬಹುದು. ತಿಳಿದವರಿಗೆ ತೋರಿಸಿ. ತೂಕಕ್ಕೆ ಹಾಕುವ ಮುಂಚೆ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ.